ಕಾಕ್ಲಿಯರ್ ಇಂಪ್ಲಾಂಟ್ ಆದ ಮಗಳಿಗೆ ಡಿಗ್ರಿ ಸ್ಕಾಲರ್‌ಶಿಪ್: ಉಡುಪಿ, ಮಂಗಳೂರಿನವರು ಗೊತ್ತಿದ್ದದ್ದು ಹೇಳಿ

ಬ್ರಹ್ಮಾವರದ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳದ್ದು ಈ ಸಲ ಸೆಕೆಂಡ್ ಪಿಯುಸಿ ಮುಗಿಯಿತು. ಕಾಮರ್ಸ್, 81 ಪರ್ಸೆಂಟ್. ಹುಟ್ಟಿನಿಂದಲೇ ಎರಡೂ ಕಿವಿ ಕೇಳುತ್ತಿರಲಿಲ್ಲ. ಸಣ್ಣವಳಿರುವಾಗ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಬಲಕಿವಿಗೆ ಇಂಪ್ಲಾಂಟ್ ಆಯಿತು, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ತಂತಿ ಇಟ್ಟು, ಹೊರಗೆ ಕಿವಿ ಹಿಂದೆ ಪ್ರೊಸೆಸರ್ ಅನ್ನುವ ಮಿಷನ್ ಹಾಕುವುದು. ಈಗ ಮಾತು ಸ್ಪಷ್ಟ. ಮನೆಯಲ್ಲಿ ತುಳು, ಹೊರಗೆ ಕನ್ನಡ, ಎರಡೂ ಬರುತ್ತದೆ. ಗುರುತಿಲ್ಲದವರು ಫೋನ್ ಮಾಡಿದರೆ ಮಾತ್ರ ನನ್ನ ಕೈಗೆ ಕೊಡುತ್ತಾಳೆ.

ಬಿಕಾಂ ಮಾಡಬೇಕು ಅಂತ ಅವಳಿಗೆ ಉಂಟು. ನನ್ನದು ಮಿಕ್ಸಿ, ಫ್ಯಾನ್, ಪಂಪ್‌ಸೆಟ್ ರಿಪೇರಿ ಅಂಗಡಿ. ಫೀಸು ಹೇಗಾದರೂ ಹೊಂದಿಸಬಹುದು. ಆದರೆ ಮಿಷನ್‌ನ ವಾರಂಟಿ ಮುಗಿದು ಸುಮಾರು ಸಮಯ ಆಯಿತು. ಕಾಯಿಲ್ (ತಲೆಗೆ ಮ್ಯಾಗ್ನೆಟ್‌ನಿಂದ ಅಂಟುವ ಭಾಗ), ಕೇಬಲ್, ಬ್ಯಾಟರಿ ಅಂತ ಖರ್ಚು ನಿಲ್ಲುವುದೇ ಇಲ್ಲ. ಎರಡೂ ಒಟ್ಟಿಗೆ ಬಂದರೆ ಕಷ್ಟ.

ವಾಟ್ಸಾಪ್‌ನಲ್ಲಿ ಒಬ್ಬರು ಕಳಿಸಿದ್ದರು, ಇಂಪ್ಲಾಂಟ್ ಆದ ಮಕ್ಕಳಿಗೇ ಅಂತ 8,000 ಡಾಲರ್ ಸ್ಕಾಲರ್‌ಶಿಪ್ ಉಂಟು ಅಂತ. ನಿಜವಾ? ನಮ್ಮ ನೆರೆಯವರು ಹೇಳುವುದು ಬೇರೆ: "ಇವಳಿಗೆ ಈಗ ಕೇಳುತ್ತದಲ್ಲ, ಹೊಸ ಕಾರ್ಡು ಮಾಡಿಸಲು ಹೋದರೆ ಅಂಗವೈಕಲ್ಯದ ಪರ್ಸೆಂಟೇಜ್ ಇಳಿಸುತ್ತಾರೆ, ಇದ್ದದ್ದೂ ಹೋಗುತ್ತದೆ." ನಮ್ಮ ಹತ್ತಿರ ಹಳೆಯ ಕಾಗದದ ಸರ್ಟಿಫಿಕೇಟ್ ಮಾತ್ರ ಇರುವುದು. ಯುಡಿಐಡಿ, ಅಂದರೆ ಕೇಂದ್ರದ ಅಂಗವಿಕಲರ ಗುರುತಿನ ಕಾರ್ಡು, ಮಾಡಿಸಿಲ್ಲ. ಹೆಂಡತಿಗೆ ಅದು ಬೇಡವೇ ಬೇಡ. ಅದರ ಕಾರಣ ನಿಮಗೆಲ್ಲ ಗೊತ್ತಿರಬಹುದು.

ಕಿವಿಮಾತು ಕಂಕನಾಡಿ

ಸರ್, ನಾನು ಆಡಿಯಾಲಜಿಸ್ಟ್, ಕಿವಿ ಕೇಳುವುದನ್ನು ಪರೀಕ್ಷಿಸುವ ಕೆಲಸ. ಮೊದಲು ನಿಮ್ಮ ನೆರೆಯವರ ಮಾತನ್ನು ತಲೆಯಿಂದ ತೆಗೆದುಹಾಕಿ. ಇದನ್ನು ಕೇಳಿ ಕೇಳಿ ಸಾಕಾಗಿದೆ. ಈ ಮಾತು ನಂಬಿ ಕಾರ್ಡು ಮಾಡಿಸದೇ ಕೂತ ಮನೆಗಳು ಜಾಸ್ತಿ ಉಂಟು.

ಪರ್ಸೆಂಟೇಜ್ ಹಾಕುವುದು ಪ್ರೊಸೆಸರ್ ಹಾಕಿಕೊಂಡಾಗ ಎಷ್ಟು ಕೇಳುತ್ತದೆ ಅಂತ ನೋಡಿ ಅಲ್ಲ. ಅದನ್ನು ತೆಗೆದಿಟ್ಟು, ಸೌಂಡ್‌ಪ್ರೂಫ್ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಎರಡೂ ಕಿವಿಗೆ ಪರೀಕ್ಷೆ ಮಾಡುತ್ತಾರೆ. 500, 1000, 2000, 4000 ಹರ್ಟ್ಸ್‌ನಲ್ಲಿ ಎಷ್ಟು ಡೆಸಿಬೆಲ್‌ಗೆ ಕೇಳಿತು ಅಂತ ನೋಡಿ ಲೆಕ್ಕ ಹಾಕುವುದು. ಚೆನ್ನಾಗಿರುವ ಕಿವಿಗೆ ಐದು ಪಾಲು ತೂಕ, ಇನ್ನೊಂದಕ್ಕೆ ಒಂದು ಪಾಲು. ಇಂಪ್ಲಾಂಟ್ ಆದ ಕಿವಿಯಲ್ಲಿ ಮಿಷನ್ ಇಲ್ಲದೆ ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಆದರೆ ಮಂದಶ್ರವಣ ಅಂತ ಇದೆ. ಆಪರೇಷನ್ ಆಗಿದೆಯಾ ಇಲ್ಲವಾ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಸ್ನಾನಕ್ಕೆ ಹೋದಾಗ, ರಾತ್ರಿ ಮಲಗಿದಾಗ, ಬ್ಯಾಟರಿ ಮುಗಿದಾಗ ನಿಮ್ಮ ಮಗಳಿಗೆ ಏನು ಕೇಳುತ್ತದೆ ಹೇಳಿ? ಅಷ್ಟೇ ವಿಷಯ.

ಒಂದು ಮಾತು. ಪರ್ಸೆಂಟೇಜ್ ಬರೆಯುವ ಮೆಡಿಕಲ್ ಬೋರ್ಡಿನಲ್ಲಿ ಇರುವ ಡಾಕ್ಟರು ಇಎನ್‌ಟಿಯವರು ಅಲ್ಲದಿದ್ದರೆ, ಹುಡುಗಿ ಚೆಂದ ಮಾತಾಡುವುದು ನೋಡಿ ಹುಬ್ಬು ಏರಿಸುವುದು ಉಂಟು. ಅದಕ್ಕೆ ಆಪರೇಷನ್‌ನ ಡಿಸ್ಚಾರ್ಜ್ ಸಮ್ಮರಿ, ಇಂಪ್ಲಾಂಟ್ ಕಂಪನಿಯವರು ಕೊಟ್ಟ ಐಡಿ ಕಾರ್ಡು, ಹಳೆಯ ಬೆರಾ ರಿಪೋರ್ಟ್ (ಶಬ್ದಕ್ಕೆ ಕಿವಿಯ ನರ ಸ್ಪಂದಿಸುತ್ತದಾ ಅಂತ ನೋಡಿದ್ದು), ಈಚೆಗಿನ ಆಡಿಯೋಗ್ರಾಂ (ಮೇಲೆ ಹೇಳಿದ ಪರೀಕ್ಷೆಯ ರಿಪೋರ್ಟ್) ಎಲ್ಲ ಒಂದು ಫೈಲಿನಲ್ಲಿ ಹಾಕಿ ಹೋಗಿ.

ಕಾಪು ಸೇವಾಕೇಂದ್ರ

ನಾನು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟವನು, ದಿನಾ ಇದೇ ಕೆಲಸ. ಅಣ್ಣ, ಯುಡಿಐಡಿ ಇಲ್ಲದೆ ಮುಂದೆ ಯಾವ ಬಾಗಿಲೂ ತೆರೆಯುವುದಿಲ್ಲ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಹಳೆಯ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿ. ಪರೀಕ್ಷೆಗೆ ಕರೆದರೆ ಉಡುಪಿಯವರಿಗೆ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಂಗಳೂರಿನವರಿಗೆ ವೆನ್‌ಲಾಕ್. 40ರಿಂದ 79 ಪರ್ಸೆಂಟ್ ಇದ್ದರೆ ಹಳದಿ ಕಾರ್ಡು, 80ರ ಮೇಲೆ ನೀಲಿ. 40ರ ಕೆಳಗೆ ಬಿಳಿ, ಅದಕ್ಕೆ ಸ್ಕಾಲರ್‌ಶಿಪ್ ಇಲ್ಲ.

ಪಂಚಾಯತ್‌ನಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರು ಇರುತ್ತಾರೆ, ಅಂಗವಿಕಲರ ಕೆಲಸ ನೋಡುವವರು. ತಾಲೂಕಿಗೆ ಎಂಆರ್‌ಡಬ್ಲ್ಯು. ಅವರ ನಂಬರ್ ತೆಗೆದುಕೊಳ್ಳಿ. ಬೋರ್ಡ್ ಯಾವ ದಿನ ಕೂರುತ್ತದೆ ಅನ್ನುವುದು ಅವರಿಗೆ ನನಗಿಂತ ಮೊದಲು ಗೊತ್ತಾಗುತ್ತದೆ.

ಸಹನಾ ಕೆ. (ಫೈನಲ್ ಇಯರ್)

ಅಂಕಲ್, ನನಗೂ ಇಂಪ್ಲಾಂಟ್ ಆಗಿದೆ, ಎಡಕಿವಿಗೆ. ಮಂಗಳೂರಿನಲ್ಲಿ ಬಿಎಸ್‌ಸಿ ಮಾಡುತ್ತಿದ್ದೇನೆ.

"ಕಾಕ್ಲಿಯರ್ ಇಂಪ್ಲಾಂಟ್ ಸ್ಕಾಲರ್‌ಶಿಪ್" ಅಂತ ಹುಡುಕಿದರೆ ಅಮೆರಿಕದ್ದೇ ಬರುತ್ತದೆ. ಇಲ್ಲಿಯದ್ದು ಬೇಕಾದರೆ ಆ ಹೆಸರಲ್ಲಿ ಹುಡುಕಬೇಡಿ. ನಮ್ಮ ಸರ್ಕಾರದ ಲೆಕ್ಕದಲ್ಲಿ ನಾವು ಶ್ರವಣದೋಷ ಇರುವ ವಿದ್ಯಾರ್ಥಿಗಳು, ಅಷ್ಟೇ. ಇಂಪ್ಲಾಂಟ್, ಹಿಯರಿಂಗ್ ಏಡ್, ಸೈನ್ ಭಾಷೆ, ಎಲ್ಲರೂ ಒಂದೇ ಸಾಲಿನಲ್ಲಿ. ಅದರಿಂದ ನಮಗೆ ನಷ್ಟವೇನೂ ಇಲ್ಲ.

ಡಿಗ್ರಿಗೆ ಮುಖ್ಯವಾದದ್ದು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನ ಪೋಸ್ಟ್ ಮೆಟ್ರಿಕ್, ಅಂಗವಿಕಲ ವಿದ್ಯಾರ್ಥಿಗಳದ್ದು. ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗೆ ಇರಬೇಕು. ಪಿಯುಸಿಯಿಂದ ಎಂಎ, ಎಂಕಾಂವರೆಗೆ ಸಿಗುತ್ತದೆ. ವಾಪಸ್ ಬಾರದ ಫೀಸು ವರ್ಷಕ್ಕೆ 1.5 ಲಕ್ಷದವರೆಗೆ ತುಂಬಿಕೊಡುತ್ತಾರೆ, ಜೊತೆಗೆ ತಿಂಗಳ ಭತ್ಯೆ. ಹಾಸ್ಟೆಲ್‌ನವರಿಗೆ ಜಾಸ್ತಿ, ಮನೆಯಿಂದ ಓಡಾಡುವವರಿಗೆ ಕಡಿಮೆ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳವರೆಗೆ ಕೊಡುತ್ತಾರೆ. ನನಗೆ ಬಂದ ಹಣ ತಡವಾಗಿ ಬಂತು, ಆದರೆ ಬಂತು. ಫೀಸು ಕಟ್ಟುವ ದಿನಕ್ಕೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಪಿಯುಸಿಯಲ್ಲೇ ಹಾಕಬಹುದಿತ್ತು. ಎರಡು ವರ್ಷ ಹೋಯಿತು, ಇರಲಿ.

ಪಡುಬಿದ್ರಿ ರಾಯರು

ಇಡೀ ದೇಶಕ್ಕೆ 17,000 ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ಅದೂ ಎಲ್ಲ ಬಗೆಯ ಅಂಗವಿಕಲರಿಗೂ ಸೇರಿ. ಇಷ್ಟು ದೊಡ್ಡ ದೇಶದಲ್ಲಿ ಅದು ಯಾವ ಮೂಲೆಗೆ? ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಒಂದನ್ನೇ ನಂಬಿ ಕೂರಬೇಡಿ.

ಸಹನಾ ಕೆ. (ಫೈನಲ್ ಇಯರ್)

ರಾಯರೇ, ನೀವು ಹೇಳುವುದು ಸರಿ. ಆದರೆ ಬಾರದು ಅಂತ ನಾವೇ ತೀರ್ಮಾನ ಮಾಡಿ ಅರ್ಜಿ ಹಾಕದೇ ಇರುವವರೇ ಜಾಸ್ತಿ. ನನ್ನ ಸ್ಪೀಚ್ ಥೆರಪಿ ಗುಂಪಿನಲ್ಲಿ ಡಿಗ್ರಿಗೆ ಬಂದವರಲ್ಲಿ ಅರ್ಧ ಜನ ಪೋರ್ಟಲ್ ತೆರೆದೇ ನೋಡಿಲ್ಲ.

ಪಡುಬಿದ್ರಿ ರಾಯರು

ಅದು ಹೌದು ಮಗಾ.

ನೋಡಲ್ ಮೇಷ್ಟ್ರು

ನಾನು ಒಂದು ಅನುದಾನಿತ ಕಾಲೇಜಿನಲ್ಲಿ ಪಾಠದ ಜೊತೆಗೆ ಸ್ಕಾಲರ್‌ಶಿಪ್ ನೋಡಲ್ ಆಫೀಸರ್ ಕೆಲಸವನ್ನೂ ಮಾಡುತ್ತೇನೆ. ಒಳಗಿನ ಸಂಗತಿ ಹೇಳುತ್ತೇನೆ.

ವಿದ್ಯಾರ್ಥಿ ಅರ್ಜಿ ಹಾಕಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಇಲ್ಲ. ಅದು ಮೊದಲು ಕಾಲೇಜಿನ ಲಾಗಿನ್‌ಗೆ ಬರುತ್ತದೆ. ನಾವು ಪರಿಶೀಲಿಸಿ ಮುಂದೆ ಕಳಿಸಬೇಕು. ಆಮೇಲೆ ಮೇಲಿನ ಹಂತದಲ್ಲಿ ಇನ್ನೊಂದು ಪರಿಶೀಲನೆ. ಯಾವುದಾದರೂ ದಾಖಲೆ ಸರಿ ಇಲ್ಲದಿದ್ದರೆ "ಡಿಫೆಕ್ಟಿವ್" ಅಂತ ವಾಪಸ್ ಬರುತ್ತದೆ. ಅದಕ್ಕೆ ಬೇರೆ ಕೊನೆಯ ದಿನಾಂಕ. ವಿದ್ಯಾರ್ಥಿಗೆ ಎಸ್ಸೆಮ್ಮೆಸ್ ಹೋಗುತ್ತದೆ, ಆದರೆ ಆ ನಂಬರ್ ಸೈಬರ್ ಅಂಗಡಿಯವರದ್ದೋ ಮಾವನದ್ದೋ ಆಗಿರುತ್ತದೆ. ನೋಡುವವರು ಯಾರು? ಅರ್ಜಿ ಅಲ್ಲೇ ಸತ್ತುಹೋಗುತ್ತದೆ.

ಹಾಗಾಗಿ ಮಗಳದ್ದೇ ನಂಬರ್ ಹಾಕಿ. ಅರ್ಜಿಯ ಪ್ರಿಂಟ್ ಹಿಡಿದುಕೊಂಡು ಕಾಲೇಜಿನ ನೋಡಲ್ ಆಫೀಸರ್ ಹತ್ತಿರ ಖುದ್ದು ಹೋಗಿ. ನಮ್ಮಲ್ಲಿ ಬೇರೆ ಬೇರೆ ಸ್ಕೀಮಿನ ಅರ್ಜಿ ರಾಶಿ ಬಿದ್ದಿರುತ್ತದೆ. ಅಂಗವಿಕಲರದ್ದು ಒಂದೋ ಎರಡೋ. ನೆನಪಿಸಿದರೆ ಒಳ್ಳೆಯದು, ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೂ ಪರವಾಗಿಲ್ಲ, ನೆನಪಿಸಿ.

ಪ್ರತಿ ವರ್ಷ ರಿನೀವಲ್ ಹಾಕಲೇಬೇಕು. ತಾನಾಗಿಯೇ ಮುಂದುವರಿಯುವುದಿಲ್ಲ.

ಇನ್ನೊಂದು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ 5 ಶೇಕಡಾ ಸೀಟು ಅಂಗವಿಕಲ ವಿದ್ಯಾರ್ಥಿಗಳಿಗೆ ಅಂತ ಅದೇ 2016ರ ಕಾಯ್ದೆಯಲ್ಲಿ ಇದೆ. ಪ್ರವೇಶದ ಫಾರ್ಮಿನಲ್ಲಿ ಆ ಕಾಲಂ ಖಾಲಿ ಬಿಡುವವರು ತುಂಬಾ ಜನ. 81 ಪರ್ಸೆಂಟ್ ಇರುವ ನಿಮ್ಮ ಮಗಳಿಗೆ ಅದರ ಅಗತ್ಯ ಬೀಳದೇ ಇರಬಹುದು. ಆದರೂ ತುಂಬಿಸಿ. ಮುಂದೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳುವಾಗ ದಾಖಲೆಯಲ್ಲಿ ಇದ್ದರೆ ಅನುಕೂಲ.

ಬ್ರಹ್ಮಾವರದ ಅಪ್ಪ

ಮೇಷ್ಟ್ರೇ, ತುಂಬಾ ಉಪಕಾರ. ರಾಜ್ಯದ್ದು ಎಸ್‌ಎಸ್‌ಪಿ ಅಂತ ಇನ್ನೊಂದು ಸ್ಕಾಲರ್‌ಶಿಪ್ ಪೋರ್ಟಲ್ ಉಂಟಲ್ಲ. ಎರಡಕ್ಕೂ ಹಾಕಬಹುದಾ? ನಮ್ಮದು ಹಿಂದುಳಿದ ವರ್ಗ.

ನೋಡಲ್ ಮೇಷ್ಟ್ರು

ಎಸ್‌ಎಸ್‌ಪಿಯಲ್ಲಿ ಹಿಂದುಳಿದ ವರ್ಗಗಳ ಇಲಾಖೆಯದ್ದೂ ಬರುತ್ತದೆ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದ್ದೂ ಬರುತ್ತದೆ. ಅದಕ್ಕೆ ದಾಖಲೆಗಳ ಇ-ದೃಢೀಕರಣ ಕಾಲೇಜಿನಲ್ಲೇ ಆಗಬೇಕು. ಜಾತಿ, ಆದಾಯ ಸರ್ಟಿಫಿಕೇಟ್‌ನ ಮೇಲೆ ಇರುವ ಆರ್‌ಡಿ ನಂಬರ್ ಸರಿಯಾಗಿ ಹಾಕಿ. ನಾಡಕಚೇರಿಯಲ್ಲಿ ಮಾಡಿಸಿ 5 ವರ್ಷ ದಾಟಿದ ಆದಾಯ ಸರ್ಟಿಫಿಕೇಟ್ ಆದರೆ ಹೊಸದು ಮಾಡಿಸಬೇಕು.

ಆದರೆ ಕೇಂದ್ರದ ಪೋಸ್ಟ್ ಮೆಟ್ರಿಕ್ ಪಡೆಯುವವರು ಬೇರೆ ಸ್ಕಾಲರ್‌ಶಿಪ್ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಎರಡೂ ಮಂಜೂರಾದರೆ ಯಾವುದು ಲಾಭವೋ ಅದನ್ನು ಇಟ್ಟುಕೊಂಡು ಇನ್ನೊಂದು ಬಿಡಬೇಕು. ಕೂತು ಲೆಕ್ಕ ಹಾಕಿ. ಸರ್ಕಾರಿ ಕಾಲೇಜಿನ ಕಡಿಮೆ ಫೀಸಿಗೆ ಒಂದು ಲೆಕ್ಕ, ಖಾಸಗಿಗೆ ಇನ್ನೊಂದು.

ಸುರತ್ಕಲ್ ಇಂಜಿನಿಯರ್

ತಾಂತ್ರಿಕ ಕೋರ್ಸಿಗೆ ಹೋಗುವವರಿಗೂ ಈ ಚರ್ಚೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ ಸಕ್ಷಮ್ ಸ್ಕಾಲರ್‌ಶಿಪ್ ವರ್ಷಕ್ಕೆ 50,000 ರೂಪಾಯಿ. 40 ಪರ್ಸೆಂಟ್ ಅಂಗವೈಕಲ್ಯ, ಆದಾಯ 8 ಲಕ್ಷದ ಒಳಗೆ. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಇಂಜಿನಿಯರಿಂಗ್ ಅಥವಾ ಡಿಪ್ಲೊಮಾದ ಮೊದಲ ವರ್ಷ, ಇಲ್ಲವೇ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿದವರು ಹಾಕಬಹುದು. ಇದೂ ಅದೇ ನ್ಯಾಷನಲ್ ಪೋರ್ಟಲ್‌ನಲ್ಲಿ. ಆದಾಯ 2.5 ಲಕ್ಷ ದಾಟಿತು ಅಂತ ಪೋಸ್ಟ್ ಮೆಟ್ರಿಕ್ ಸಿಗದ ಮಧ್ಯಮ ವರ್ಗದ ಮನೆಗಳಿಗೆ ಇದೇ ಒಳ್ಳೆಯದು. ಮಂಗಳೂರಿನ ಕೆಪಿಟಿಯಲ್ಲಿ (ಕರ್ನಾಟಕ ಪಾಲಿಟೆಕ್ನಿಕ್) ಡಿಪ್ಲೊಮಾ ಮಾಡುವ ಮಕ್ಕಳ ಅಪ್ಪ ಅಮ್ಮಂದಿರು ಗಮನಿಸಿ.

ದೊಡ್ಡ ಸಂಸ್ಥೆಗಳಿಗೆ, ಅಂದರೆ ಐಐಟಿ, ಎನ್‌ಐಟಿ ಥರದ ಪಟ್ಟಿಯಲ್ಲಿ ಇರುವ ಕಾಲೇಜಿಗೆ ಸೀಟು ಸಿಕ್ಕಿದರೆ ಟಾಪ್ ಕ್ಲಾಸ್ ಅಂತ ಬೇರೆ ಯೋಜನೆ ಇದೆ. ಆದಾಯ ಮಿತಿ 8 ಲಕ್ಷ. ವರ್ಷಕ್ಕೆ 300 ಜನರಿಗೆ ಮಾತ್ರ.

ಬಿಕಾಂ ಹುಡುಗಿಗೆ ಇವೆರಡೂ ಬರುವುದಿಲ್ಲ. ಆದರೆ ರಿಲಯನ್ಸ್ ಫೌಂಡೇಶನ್‌ನ ಪದವಿ ಸ್ಕಾಲರ್‌ಶಿಪ್ ನೋಡಿ. ಯಾವ ವಿಷಯದ ಡಿಗ್ರಿ ಆದರೂ ಆಗುತ್ತದೆ, ಮೊದಲ ವರ್ಷದಲ್ಲೇ ಹಾಕಬೇಕು. ಪಿಯುಸಿಯಲ್ಲಿ 60 ಪರ್ಸೆಂಟ್ ಸಾಕು. ಇಡೀ ಡಿಗ್ರಿಗೆ 2 ಲಕ್ಷದವರೆಗೆ ಕೊಡುತ್ತಾರೆ. ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್ ಬರೆಯಬೇಕು. ಓದಿ ಉತ್ತರಿಸುವ ಪರೀಕ್ಷೆ, ಕೇಳಿಸಿಕೊಳ್ಳುವ ತೊಂದರೆ ಇಲ್ಲ.

ಮೂಡುಬಿದಿರೆ ಶಾಂತಾ

ಮಗ ಈಗ ಎಸ್‌ಎಸ್‌ಎಲ್‌ಸಿ. ಅವನಿಗೂ ಇಂಪ್ಲಾಂಟ್. ಇವೆಲ್ಲ ಡಿಗ್ರಿಯವರಿಗಾ?

ಸಹನಾ ಕೆ. (ಫೈನಲ್ ಇಯರ್)

ಅಕ್ಕ, ನೀವು ಸರಿಯಾದ ಸಮಯಕ್ಕೆ ಬಂದಿದ್ದೀರಿ. ಒಂಬತ್ತು, ಹತ್ತನೇ ಕ್ಲಾಸಿಗೆ ಪ್ರೀ ಮೆಟ್ರಿಕ್ ಇದೆ. ಹತ್ತು ಮುಗಿದ ಕೂಡಲೇ ಸರೋಜಿನಿ ದಾಮೋದರನ್ ಫೌಂಡೇಶನ್‌ನ ವಿದ್ಯಾಧನ್ ನೋಡಿ. ಬೇರೆ ಮಕ್ಕಳಿಗೆ 90 ಪರ್ಸೆಂಟ್ ಬೇಕು, ಅಂಗವಿಕಲ ಮಕ್ಕಳಿಗೆ 75 ಸಾಕು. ಆದಾಯ 2 ಲಕ್ಷದ ಒಳಗೆ ಇರಬೇಕು. ಪಿಯುಸಿಗೆ ಆಯ್ಕೆಯಾಗಿ ಚೆನ್ನಾಗಿ ಓದಿದರೆ ಡಿಗ್ರಿಗೂ ಮುಂದುವರಿಯುವ ಅವಕಾಶ ಇರುತ್ತದೆ.

ಕುಂದಾಪುರ ಎಸ್.

ಆ 8,000 ಡಾಲರ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ನನ್ನ ಅಕ್ಕನ ಮಗ ಅಮೆರಿಕದಲ್ಲಿಯೇ ಇರುವುದು.

ಅದು ಗ್ರೇಮ್ ಕ್ಲಾರ್ಕ್ ಸ್ಕಾಲರ್‌ಶಿಪ್. ಕಾಕ್ಲಿಯರ್ ಕಂಪನಿಯವರು ಕೊಡುವುದು, ಅವರ ನ್ಯೂಕ್ಲಿಯಸ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಮಾತ್ರ. ಅಮೆರಿಕದಲ್ಲಿ ವರ್ಷಕ್ಕೆ 2,000 ಡಾಲರ್, ನಾಲ್ಕು ವರ್ಷದವರೆಗೆ. ಅಲ್ಲಿನ ಕಾಲೇಜಿಗೆ ಸೇರಿದವರಿಗೆ. ಹಾಗಾಗಿ ವಾಟ್ಸಾಪ್ ಸುದ್ದಿ ಸುಳ್ಳಲ್ಲ, ಬ್ರಹ್ಮಾವರಕ್ಕೆ ಬರುವುದಿಲ್ಲ ಅಷ್ಟೇ. ಎಜಿ ಬೆಲ್ ಅನ್ನುವ ಸಂಘ ಒಂದು ಉಂಟು. ಅವರು ಕೇಳಿ, ಮಾತಾಡಿ ವ್ಯವಹರಿಸುವ ಶ್ರವಣದೋಷದ ಮಕ್ಕಳಿಗೆ ಕೊಡುತ್ತಾರೆ. ರೋಚೆಸ್ಟರ್‌ನಲ್ಲಿ ಕಿವುಡರಿಗೇ ಅಂತ ತಾಂತ್ರಿಕ ಕಾಲೇಜು, ವಾಷಿಂಗ್ಟನ್‌ನಲ್ಲಿ ಗ್ಯಾಲೊಡೆಟ್ ವಿಶ್ವವಿದ್ಯಾಲಯ. ನಮ್ಮ ಮಕ್ಕಳು ಮಾಸ್ಟರ್ಸ್, ಪಿಎಚ್‌ಡಿಗೆ ವಿದೇಶಕ್ಕೆ ಹೋಗುವುದಾದರೆ ಕೇಂದ್ರದ್ದೇ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಉಂಟು, ಅಂಗವಿಕಲರಿಗೆ ವರ್ಷಕ್ಕೆ 20 ಸ್ಥಾನ. ಅದು ಮುಂದಿನ ಮಾತು.

ಹೆಸರು ಬಂತು ಅಂತ ಹೇಳುವುದು. ಈ ಗ್ರೇಮ್ ಕ್ಲಾರ್ಕ್ ಇಂಪ್ಲಾಂಟ್ ರೂಪಿಸಿದ ಆಸ್ಟ್ರೇಲಿಯದ ಡಾಕ್ಟರು. ಅವರ ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿಯೊಳಗಿನ ಸುರುಳಿಯಲ್ಲಿ ತಂತಿ ತೂರಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದಾಗ ಸಮುದ್ರ ತೀರದಲ್ಲಿ ಒಂದು ಸುರುಳಿ ಚಿಪ್ಪು ಎತ್ತಿಕೊಂಡು ಅದರೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರಂತೆ. ತುದಿ ಮೆದು, ಬುಡ ಗಟ್ಟಿ ಇದ್ದ ಎಸಳು ಸಲೀಸಾಗಿ ಒಳಗೆ ಹೋಯಿತು. 1978ರಲ್ಲಿ ಮೆಲ್ಬೋರ್ನ್‌ನಲ್ಲಿ ಅವರ ಮೊದಲ ಆಪರೇಷನ್. ಮಲ್ಪೆಯಲ್ಲಿ ಚಿಪ್ಪು ಹೆಕ್ಕುವ ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಇದು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಬಂಟ್ವಾಳ ಪ್ರಸಾದ್

ಕಥೆ ಚೆನ್ನಾಗಿದೆ. ಆದರೆ ಸ್ವಲ್ಪ ಕಹಿ ಮಾತು ಹೇಳುತ್ತೇನೆ. ನನ್ನ ಮಗನಿಗೆ ಸ್ಕಾಲರ್‌ಶಿಪ್ ಬಂತು. ಫೀಸಿನ ಚಿಂತೆ ಹೋಯಿತು. ಎರಡನೇ ಸೆಮಿಸ್ಟರ್‌ನಲ್ಲಿ, ಜೋರು ಮಳೆಗಾಲದಲ್ಲಿ, ಪ್ರೊಸೆಸರ್ ಕೈಕೊಟ್ಟಿತು. ರಿಪೇರಿ ಆಗುವುದಿಲ್ಲ, ಮಾಡೆಲ್ ಹಳೆಯದು, ಹೊಸದೇ ಹಾಕಿಸಬೇಕು ಅಂದರು. ಲಕ್ಷಗಟ್ಟಲೆ. ಕ್ಲಾಸಿನಲ್ಲಿ ಕೂತು ಬರುತ್ತಿದ್ದ, ಒಂದಕ್ಷರ ಕೇಳುತ್ತಿರಲಿಲ್ಲ. ಸರ್ಕಾರ ಆಪರೇಷನ್‌ಗೆ 6 ಲಕ್ಷ ಕೊಟ್ಟಿತ್ತು, ಅದು ಮರೆತಿಲ್ಲ. ಆದರೆ ಆಮೇಲಿನದ್ದು ಸ್ಕೂಟರ್ ಕೊಟ್ಟು ಪೆಟ್ರೋಲ್ ನಿಮ್ಮದು ಅಂದ ಹಾಗೆ. ಪ್ರೊಸೆಸರ್ ಇಲ್ಲದೆ ಸ್ಕಾಲರ್‌ಶಿಪ್ ಇಟ್ಟುಕೊಂಡು ಏನು ಮಾಡುವುದು ಹೇಳಿ?

ಹೆಸರು ಬೇಡ

ಎಲ್ಲದಕ್ಕೂ ಸರ್ಕಾರವಾ? ಆಪರೇಷನ್ ಸರ್ಕಾರದ್ದು, ಫೀಸು ಸರ್ಕಾರದ್ದು, ಮಿಷನ್ನೂ ಸರ್ಕಾರದ್ದು.

ಕಿವಿಮಾತು ಕಂಕನಾಡಿ

ಹೆಸರು ಬೇಡ ಅನ್ನುವವರೇ, 6 ಲಕ್ಷ ಹಾಕಿ ಮಗುವಿಗೆ ಕೇಳುವಂತೆ ಮಾಡಿ, ವರ್ಷಗಟ್ಟಲೆ ಥೆರಪಿ ಕೊಟ್ಟು, ಡಿಗ್ರಿಯ ಬಾಗಿಲಿಗೆ ಬಂದಾಗ ಒಂದು ಕೇಬಲ್‌ಗೋಸ್ಕರ ಓದು ನಿಂತರೆ ಆ 6 ಲಕ್ಷವೂ ಹೋಯಿತಲ್ಲ? ಸರ್ಕಾರದ ಹಣದ ಮೇಲೆ ನಿಮಗೆ ಅಷ್ಟು ಕಾಳಜಿ ಇದ್ದರೆ ನೀವೇ ಮೊದಲು ಕೇಳಬೇಕಾದದ್ದು ಇದನ್ನು.

ಪ್ರಸಾದ್ ಅವರೇ, ನಿಮ್ಮ ಸಿಟ್ಟು ನ್ಯಾಯವೇ. ಎಲ್ಲರಿಗೂ ಉಪಯೋಗ ಆಗುವ ಮಾತು ಒಂದೆರಡು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಪ್ರೊಸೆಸರ್‌ಗೆ ದೊಡ್ಡ ಶತ್ರು ತೇವ ಮತ್ತು ಬೆವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಡ್ರೈ ಬಾಕ್ಸ್‌ನಲ್ಲಿ ಇಡಲೇಬೇಕು. ಒಳಗಿನ ಸಿಲಿಕಾ ಜೆಲ್ ಕಾಳು ಬಣ್ಣ ಬದಲಾದರೆ ಅದರ ಕೆಲಸ ಮುಗಿಯಿತು ಅಂತ ಅರ್ಥ. ಬಸ್ಸಿಳಿದು ಒದ್ದೆ ತಲೆಯಲ್ಲೇ ಕ್ಲಾಸಿಗೆ ಹೋಗಿ ಕೂರುವ ಮಕ್ಕಳು ಮೊದಲು ಕಿವಿ ಹಿಂದೆ ಒರೆಸಿ, ಮೈಕ್‌ನ ಕವರ್ ನೋಡಿಕೊಳ್ಳಿ. ಹಾಳಾಗುವುದು ಹೆಚ್ಚಾಗಿ ಕೇಬಲ್. ಒಂದು ಹೆಚ್ಚುವರಿ ಕೇಬಲ್ ಬ್ಯಾಗಿನಲ್ಲಿ ಇರಲಿ.

ತೆರಿಗೆ ಕಟ್ಟುವ ಅಪ್ಪ ಅಮ್ಮ ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ, ಅಂಗವೈಕಲ್ಯ ಇರುವ ಮಗುವಿನ ಲೆಕ್ಕದಲ್ಲಿ ಆದಾಯದಿಂದ 75,000, ಅಂಗವೈಕಲ್ಯ 80 ಪರ್ಸೆಂಟ್ ಮೇಲಿದ್ದರೆ 1.25 ಲಕ್ಷ ಕಡಿತ ಸಿಗುತ್ತದೆ. ಉಳಿದ ತೆರಿಗೆಯನ್ನು ಪ್ರೊಸೆಸರ್ ಹೆಸರಲ್ಲಿ ಎತ್ತಿಡಿ.

ಬಂಟ್ವಾಳ ಪ್ರಸಾದ್

ನಾವು ಈಗ ಹಾಗೆಯೇ ಮಾಡುತ್ತಿದ್ದೇವೆ. ಅವನ ತಿಂಗಳ ಭತ್ಯೆ ಮನೆ ಖರ್ಚಿಗೆ ಮುಟ್ಟುವುದಿಲ್ಲ. ಬ್ಯಾಂಕಿನಲ್ಲಿ ಬೇರೆ ಆರ್‌ಡಿ ಖಾತೆ ಮಾಡಿ ತಿಂಗಳು ತಿಂಗಳು ಕಟ್ಟುತ್ತಿದ್ದೇವೆ. ಹೊಸ ಪ್ರೊಸೆಸರ್‌ಗೆ ಒಂದು ಪಾಲು ಊರಿನವರು, ಒಂದು ಪಾಲು ಸಾಲ. ಈಗ ಸರಿ ಇದ್ದಾನೆ. ಕಹಿ ಮಾತು ಹೇಳಿದೆ ಅಂತ ಯಾರೂ ಅರ್ಜಿ ಹಾಕದೇ ಇರಬೇಡಿ.

ಬ್ರಹ್ಮಾವರದ ಅಪ್ಪ

ಎಲ್ಲ ಓದುತ್ತಿದ್ದೇನೆ, ಹೆಂಡತಿಗೂ ಓದಿ ಹೇಳಿದೆ. ಅವಳು ಹೇಳುವುದು ಒಂದೇ. ಕಾರ್ಡು ಮಾಡಿಸಿದರೆ "ಅಂಗವಿಕಲೆ" ಅಂತ ಬರೆದು ಕೈಗೆ ಕೊಟ್ಟ ಹಾಗೆ, ನಾಳೆ ಸಂಬಂಧ ನೋಡುವಾಗ ಅದೇ ಮುಂದೆ ಬರುತ್ತದೆ. ಇಷ್ಟು ವರ್ಷ ಥೆರಪಿ ಕೊಡಿಸಿದ್ದು ಬೇರೆ ಮಕ್ಕಳ ಹಾಗೆ ಆಗಲಿ ಅಂತ ಅಲ್ವಾ ಅನ್ನುತ್ತಾಳೆ. ನನಗೆ ಉತ್ತರ ಹೊಳೆಯುವುದಿಲ್ಲ.

ಕಾರ್ಕಳ ಅಮ್ಮ

ತಂಗಿಗೆ ನನ್ನ ಹೆಸರಲ್ಲಿ ಹೇಳಿ. ನಾನೂ ಹಾಗೆಯೇ ಯೋಚಿಸುವ ಮನೆಯಿಂದ ಬಂದವಳು. ನಮ್ಮ ಅತ್ತೆ, ಇಂಪ್ಲಾಂಟ್ ಆದ ನನ್ನ ಮಗಳ ಜಡೆಯನ್ನು ಮಿಷನ್ ಕಾಣದ ಹಾಗೆಯೇ ಹಾಕಬೇಕು ಅನ್ನುತ್ತಿದ್ದರು. ಮದುವೆ ಮನೆಗೆ ಹೋಗುವಾಗ ಮಲ್ಲಿಗೆ ಚೆಂಡನ್ನು ಆ ಬದಿಗೇ ಮುಡಿಸಿ ಮುಚ್ಚುವುದು. ಹೂವು ತಾಗಿ ಮ್ಯಾಗ್ನೆಟ್ ಜಾರಿ ಬೀಳುತ್ತಿತ್ತು, ಹುಡುಗಿ ಊಟದ ಪಂಕ್ತಿಯಲ್ಲಿ ಕಕ್ಕಾಬಿಕ್ಕಿ. ಕೊನೆಗೆ ಅವಳೇ ಒಂದು ದಿನ ಅಜ್ಜಿಗೆ ಹೇಳಿದಳು, "ಅಜ್ಜೀ, ನನಗೆ ಹೂವು ಬೇಡ, ಕೇಳಬೇಕು" ಅಂತ.

ಕಾರ್ಡು ಮನೆಯ ಗೋಡೆಗೆ ಅಂಟಿಸುವುದಲ್ಲ. ಫೈಲಿನಲ್ಲಿ ಇರುತ್ತದೆ. ಸಂಬಂಧ ನೋಡಲು ಬರುವವರಿಗೆ ಕಿವಿ ಹಿಂದೆ ಇರುವುದು ಹೇಗೂ ಕಾಣುತ್ತದೆ, ಅದನ್ನು ಮುಚ್ಚಿಟ್ಟು ಮಾಡುವ ಸಂಬಂಧ ಯಾರಿಗೆ ಬೇಕು?

ಸಹನಾ ಕೆ. (ಫೈನಲ್ ಇಯರ್)

ಆಂಟಿಗೆ ನನ್ನದೂ ಒಂದು ಮಾತು. ಕಾರ್ಡು ಬರೀ ಸ್ಕಾಲರ್‌ಶಿಪ್‌ಗೆ ಅಲ್ಲ. ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ 4 ಶೇಕಡಾ ಮೀಸಲು, ಅದರಲ್ಲಿ 1 ಶೇಕಡಾ ಕಿವಿಯ ತೊಂದರೆ ಇರುವವರಿಗೇ. ಬ್ಯಾಂಕ್ ಪರೀಕ್ಷೆ ಬರೆಯುವ ಬಿಕಾಂ ಹುಡುಗಿಗೆ ಅದು ಸಣ್ಣ ವಿಷಯ ಅಲ್ಲ. ಕೆಲಸ ಸಿಕ್ಕಿದ ಮೇಲೆ ಸಂಬಂಧ ನೋಡುವವರ ಮಾತಿನ ಧಾಟಿಯೇ ಬದಲಾಗುತ್ತದೆ. (ಇದು ನನ್ನ ಅಮ್ಮ ಹೇಳಿದ್ದು, ನನ್ನ ಮಾತಲ್ಲ!)

ಕಾಲೇಜಿನಲ್ಲೂ ಹೇಳಿಕೊಳ್ಳುವುದೇ ಸುಲಭ. ನಾನು ಮೊದಲ ವಾರವೇ ಪ್ರತಿ ಲೆಕ್ಚರರ್ ಹತ್ತಿರ ಹೋಗಿ ಹೇಳಿದೆ: ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ ಸರ್, ನನಗೆ ಎರಡನೇ ಬೆಂಚು ಬೇಕು, ಇಂಪ್ಲಾಂಟ್ ಇರುವ ಕಿವಿ ನಿಮ್ಮ ಕಡೆಗೆ ಇರಬೇಕು. ಒಬ್ಬರು ಮಾತ್ರ "ನೀನು ಚೆನ್ನಾಗಿ ಮಾತಾಡುತ್ತೀಯಲ್ಲ" ಅಂತ ನಕ್ಕರು, ಉಳಿದವರು ಸರಿಯಾಗಿ ತೆಗೆದುಕೊಂಡರು. ನಮ್ಮ ಹಳೆಯ ಬ್ಲಾಕಿಗೆ ಶೀಟಿನ ಮಾಡು. ಜುಲೈನಲ್ಲಿ ಮಳೆ ಬಿದ್ದರೆ ಎಲ್ಲರಿಗೂ ಕೇಳುವುದಿಲ್ಲ, ನನಗಂತೂ ಬರೀ ಸದ್ದು. ಆಗ ಫೋನಿನಲ್ಲಿ ಮಾತನ್ನು ಅಕ್ಷರ ಮಾಡಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಇಟ್ಟುಕೊಳ್ಳುತ್ತೇನೆ, ಕನ್ನಡವೂ ಬರುತ್ತದೆ. ತಪ್ಪು ತಪ್ಪು ಬರೆದರೂ ವಿಷಯ ಗೊತ್ತಾಗುತ್ತದೆ. ಲೆಕ್ಚರರ್ ಕಾಲರ್‌ಗೆ ಸಿಕ್ಕಿಸುವ ಸಣ್ಣ ವೈರ್‌ಲೆಸ್ ಮೈಕ್ ಸಿಕ್ಕಿದರೆ ಇನ್ನೂ ಒಳ್ಳೆಯದು. ದುಬಾರಿ. ನನ್ನ ಭತ್ಯೆ ಅದಕ್ಕೇ ಹೋದದ್ದು.

ಬ್ರಹ್ಮಾವರದ ಅಪ್ಪ

ಥ್ಯಾಂಕ್ಸ್ ಮಗಾ. ಮಗಳು ನಿನ್ನ ಪೋಸ್ಟನ್ನು ಫೋಟೋ ತೆಗೆದು ಇಟ್ಟುಕೊಂಡಿದ್ದಾಳೆ. ಹೆಂಡತಿ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಆಡಿಯೋಗ್ರಾಂ ಮಾಡಿಸಲು ಕರೆದುಕೊಂಡು ಹೋಗುವುದಾದರೆ ತಾನೂ ಬರುತ್ತೇನೆ ಅಂದಳು.

ಒಂದು ಸಣ್ಣ ಪ್ರಶ್ನೆ, ಬಸ್ ಪಾಸ್ ಉಂಟಲ್ಲ ಅಂಗವಿಕಲರಿಗೆ?

ಪಡುಬಿದ್ರಿ ರಾಯರು

ಕೆಎಸ್‌ಆರ್‌ಟಿಸಿಯಲ್ಲಿ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ. ಆದರೆ ನಮ್ಮ ಕಡೆ ಓಡುವುದು ಯಾವ ಬಸ್ಸು ಮಾರಾಯ್ರೇ? ಬ್ರಹ್ಮಾವರದಿಂದ ಉಡುಪಿಗೆ ಖಾಸಗಿ ಬಸ್ಸೇ ತುಂಬಾ. ಇನ್ನು ಹೆಣ್ಣುಮಕ್ಕಳಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೇಗೂ ಫ್ರೀ. ಈ ಪಾಸ್ ಗಂಡು ಮಕ್ಕಳಿಗೆ, ಅದೂ ಸರ್ಕಾರಿ ಬಸ್ಸು ಇರುವ ರೂಟಿನಲ್ಲಿ.

ಕಾಪು ಸೇವಾಕೇಂದ್ರ

ಅಣ್ಣ, ಅರ್ಜಿ ಹಾಕುವ ಮೊದಲು ಎರಡು ಕೆಲಸ. ಒಂದು, ಮಗಳ ಹೆಸರಲ್ಲಿ ಬ್ಯಾಂಕ್ ಖಾತೆ ಇರಬೇಕು. ಆಧಾರ್ ಲಿಂಕ್ ಆದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಸರ್ಕಾರದ ಹಣ ಈ ಖಾತೆಗೇ ಬರುವ ಹಾಗೆ ಆಧಾರ್‌ಗೆ ಜೋಡಿಸಿರಬೇಕು. ಹಣ ಬರುವುದು ಆಧಾರ್ ಮೇಲೆ, ಖಾತೆ ನಂಬರ್ ಮೇಲೆ ಅಲ್ಲ. ಬ್ಯಾಂಕಿನಲ್ಲಿ "ಡಿಬಿಟಿಗೆ ಸೀಡಿಂಗ್ ಮಾಡಿ" ಅಂತ ಬಾಯಿ ಬಿಟ್ಟು ಕೇಳಿ, ಫಾರ್ಮ್ ಕೊಡುತ್ತಾರೆ.

ಎರಡು, ನ್ಯಾಷನಲ್ ಪೋರ್ಟಲ್‌ನಲ್ಲಿ ಒಟಿಆರ್, ಅಂದರೆ ಒಂದೇ ಸಲದ ರಿಜಿಸ್ಟ್ರೇಷನ್, ಮಾಡಬೇಕು. ಫೋನಿನಲ್ಲಿ ಮುಖ ತೋರಿಸುವ ಹಂತ ಉಂಟು. ಬೆಳಕಿರುವ ಕಡೆ ಮಾಡಿ. ಒಟಿಆರ್ ನಂಬರ್ ಬರೆದಿಟ್ಟುಕೊಳ್ಳಿ, ಡಿಗ್ರಿ ಮುಗಿಯುವವರೆಗೆ ಅದೇ.

ಬ್ರಹ್ಮಾವರದ ಅಪ್ಪ

ಒಟಿಆರ್ ಆಯಿತು, ಮಗಳೇ ಮಾಡಿದಳು. ಆದರೆ ಒಂದು ತೊಡಕು. ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಇಲ್ಲ. ಹಳೆಯ ಅಂಗವಿಕಲ ಸರ್ಟಿಫಿಕೇಟ್‌ನಲ್ಲಿ ಮಾತ್ರ ಹೆಸರಿನ ಮುಂದೆ "ಕುಮಾರಿ" ಅಂತ ಸೇರಿಸಿ, ಕೊನೆಗೆ ನನ್ನ ಹೆಸರು ಬರೆದಿದ್ದಾರೆ. ಆಧಾರ್ ಬದಲಾಯಿಸಲಾ?

ಕಾಪು ಸೇವಾಕೇಂದ್ರ

ಆಧಾರ್ ಮುಟ್ಟಬೇಡಿ! ಅದನ್ನು ಬದಲಾಯಿಸಿದರೆ ಬ್ಯಾಂಕು, ಆದಾಯ ಸರ್ಟಿಫಿಕೇಟ್, ಒಟಿಆರ್ ಎಲ್ಲ ಸಾಲಾಗಿ ತಪ್ಪುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗೆ ಉಂಟೋ ಅದೇ ಮೂಲ. ಯುಡಿಐಡಿ ಹೇಗೂ ಹೊಸದಾಗಿ ಮಾಡಿಸುವುದು, ಅರ್ಜಿಯಲ್ಲಿ ಆಧಾರ್‌ನಲ್ಲಿ ಇದ್ದ ಹಾಗೆಯೇ ಹೆಸರು ಹಾಕಿ. ಅಜ್ಜರಕಾಡಿಗೆ ಹೋಗುವಾಗ ಅಂಕಪಟ್ಟಿಯ ಜೆರಾಕ್ಸ್ ಒಟ್ಟಿಗೆ ಇರಲಿ, ಕೇಳಿದರೆ ತೋರಿಸಿ. ಕಾರ್ಡು ನಂಬರ್ ಬಂದ ಕೂಡಲೇ ಇಲ್ಲಿ ತಿಳಿಸಿ, ಎಸ್‌ಎಸ್‌ಪಿಯದ್ದನ್ನು ನಾನು ಫೋನಿನಲ್ಲೇ ಹೇಳಿಕೊಡುತ್ತೇನೆ.

ಬ್ರಹ್ಮಾವರದ ಅಪ್ಪ

ಆಯಿತು. ಸೋಮವಾರ ಅಂಗಡಿ ಬಂದ್ ಮಾಡಿ ಮೂವರೂ ಹೋಗುತ್ತೇವೆ.